ಪಾತ್ರೆ ಅಂಗಡಿಯ ಹೇಮಕ್ಕ

ಇವತ್ತು ಬೆಳಿಗ್ಗೆಯೂ ಫೋನಿನಲ್ಲಿ ಏಳೆಂಟು ಹುಡುಗಿಯರು ಕೇಳಿದ್ದಾರೆ, "ಹೇಮಕ್ಕಾ, ಎಲ್ಲಿದೀರಾ? ಮುಂದಿನ ಕಂತು ಯಾವಾಗ?" ಹೇಮಕ್ಕ ಎಲ್ಲಿದ್ದಾರೆ ಅಂತ ನನಗೆ ಚೆನ್ನಾಗಿ ಗೊತ್ತು. ಹೊಳೆನರಸೀಪುರದ ಆಚೆ, ಅವರದೇ ಹೊಲದ ಮೂಲೆಯಲ್ಲಿ, ಕೂರಿಸಿ, ವಿಭೂತಿ ಹಚ್ಚಿ, ಬಿಲ್ವಪತ್ರೆ ಹಾಕಿ ಮಣ್ಣು ಮಾಡಿ ಇವತ್ತಿಗೆ ಹದಿನೆಂಟು ದಿನ. ಮೀಸೆ ಸಮೇತ.

ಹೌದು, ಹೇಮಕ್ಕನಿಗೆ ಮೀಸೆ ಇತ್ತು. ದಪ್ಪನೆಯ ಬಿಳಿ ಮೀಸೆ. ಹಣೆ ತುಂಬ ಮೂರು ಗೆರೆ ವಿಭೂತಿ, ಮೇಲೆ ಅರ್ಧ ತೋಳಿನ ಬಿಳಿ ಅಂಗಿ, ಕಿವಿಯ ಸಂದಿಯಲ್ಲಿ ಒಂದು ಪೆನ್ನು. ಪೇಟೆ ಬೀದಿಯಲ್ಲಿ ಅವರ ತಂದೆಯ ಕಾಲದ ಪಾತ್ರೆ ಅಂಗಡಿ. ಮದುವೆ ಪಾತ್ರೆ ಅಂದರೆ ಅರಕಲಗೂಡಿನ ಕಡೆಯಿಂದಲೂ ಜನ ಅಲ್ಲಿಗೇ ಬರುತ್ತಿದ್ದರು. ಅವರ ನಿಜವಾದ ಹೆಸರು ಇಲ್ಲಿ ಬರೆಯಲ್ಲ. ಮನೆಯವರಿಗೇ ಗೊತ್ತಿಲ್ಲದ ವಿಷಯ ಇದು. ಅವರು ಇದ್ದಾಗ ಬಾಯಿ ಬಿಡದವಳು ಹೋದ ಮೇಲೆ ಊರಿಗೆಲ್ಲ ಸಾರಿದರೆ ಚೆನ್ನಾಗಿರಲ್ಲ. ಹಾಗಂತ ಹೊಟ್ಟೆಯಲ್ಲಿ ಇಟ್ಟುಕೊಂಡು ಇರೋಕೂ ಆಗುತ್ತಿಲ್ಲ.

ನನ್ನದು ಅವರ ಪಕ್ಕದ ಮಳಿಗೆ. ಜೆರಾಕ್ಸ್, ಟೈಪಿಂಗ್, ಲಗ್ನಪತ್ರಿಕೆ, ಯಾವುದಾದರೂ ಅರ್ಜಿ ತುಂಬಿಸಬೇಕಾದರೆ ಅದೂ. ಹದಿನಾಲ್ಕು ವರ್ಷದಿಂದ ಅವರ ಅಂಗಡಿಯ ಸದ್ದು ಕೇಳಿಕೊಂಡೇ ಕೆಲಸ ಮಾಡಿದ್ದೀನಿ. ಪಾತ್ರೆ ಮೇಲೆ ಹೆಸರು ಬರೆಯುವ ಮಿಷನ್ನು ಗೊರ್ ಅಂತ ಶುರುವಾದರೆ ನನ್ನ ಹಲ್ಲು ಜುಮ್ಮೆನ್ನುತ್ತಿತ್ತು. "ಅಣ್ಣಾ, ಸ್ವಲ್ಪ ನಿಲ್ಲಿಸ್ರೀ, ಫೋನಲ್ಲಿದೀನಿ" ಅಂತ ಕೂಗುತ್ತಿದ್ದೆ. "ಇನ್ನೊಂದೇ ತಂಬಿಗೆ ಕಣಮ್ಮ" ಅನ್ನೋರು. ಆ ಇನ್ನೊಂದು ತಂಬಿಗೆ ಯಾವತ್ತೂ ಮುಗಿಯುತ್ತಿರಲಿಲ್ಲ. ಎಷ್ಟು ಸಣ್ಣ ಲೋಟ ಕೊಟ್ಟರೂ ಅದರ ಅಂಚಿನಲ್ಲಿ ಗುಂಡಗೆ, ಮುದ್ದಾಗಿ ಹೆಸರು ಮೂಡಿಸುವ ಕೈ ಅದು.

ಈ ಮನುಷ್ಯನಿಗೆ ಕಥೆಯ ಹುಚ್ಚು ಹಿಡಿಸಿದ್ದು ಅವರ ಮೊಮ್ಮಗಳು. ಹಾಸನದಲ್ಲಿ ಓದುವ ಹುಡುಗಿ, ಬೇಸಿಗೆ ರಜೆಗೆ ಬಂದವಳು ಒಂದು ದಪ್ಪ ಇಂಗ್ಲಿಷ್ ಪುಸ್ತಕ ಮರೆತು ಹೋದಳು. ರೆಕ್ಕೆಯಿರುವ ಅದೃಶ್ಯ ಲೋಕದವರು, ಅವರ ರಾಜಕುಮಾರ, ಅವನ ಮೇಲೆ ಮನಸ್ಸಾಗುವ ಮನುಷ್ಯರ ಹುಡುಗಿ, ಇಂಥದ್ದು. ಗಿರಾಕಿ ಇಲ್ಲದಾಗ ನಿಘಂಟು ಇಟ್ಟುಕೊಂಡು ಎರಡು ತಿಂಗಳು ಓದಿದರು. ಒಂದು ದಿನ ನನ್ನ ಅಂಗಡಿಗೆ ಬಂದು ಸ್ಟೂಲ್ ಎಳೆದುಕೊಂಡು ಕೂತರು.

"ಅಲ್ಲ ಕಣಮ್ಮ, ಆ ಹುಡುಗ ಮುನ್ನೂರು ವರ್ಷದಿಂದ ಬದುಕವನಂತೆ. ಇನ್ನೂ ಹುಡುಗಿ ಎದುರ್ಗೆ ಮುಖ ಊದಿಸ್ಕೊಂಡು ನಿಂತ್ಕತಾನೆ. ಮುನ್ನೂರು ವರ್ಷದಲ್ಲಿ ಅಷ್ಟೂ ಕಲೀಲಿಲ್ವಾ?"

"ಅದೇ ಅಣ್ಣ ಹುಡುಗೀರಿಗೆ ಇಷ್ಟ" ಅಂದೆ.

"ಅಂಗಾ?" ಅಂತ ಕಿವಿಯ ಸಂದಿಯ ಪೆನ್ನು ತೆಗೆದು ನೋಡಿದರು. "ಅಂಗಾದ್ರೆ ನಾನೂ ಬರೀಬೋದು."

ನಾನು ತಮಾಷೆ ಅಂದುಕೊಂಡೆ. ತಿಂಗಳು ಕಳೆದ ಮೇಲೆ ಲಗ್ನಪತ್ರಿಕೆಗಳ ಒಂದು ಕಟ್ಟು ತಂದು ನನ್ನ ಮೇಜಿನ ಮೇಲಿಟ್ಟರು. ಪಾತ್ರೆ ಅಂಗಡಿಯವರಿಗೆ ಲಗ್ನಪತ್ರಿಕೆ ಕೊಡದ ಮನೆ ಈ ತಾಲ್ಲೂಕಿನಲ್ಲಿಲ್ಲ. ಅವುಗಳ ಹಿಂದಿನ ಖಾಲಿ ಜಾಗದಲ್ಲಿ, ಪಾತ್ರೆ ಮೇಲೆ ಬರೆದಷ್ಟೇ ಗುಂಡಗೆ, ಕಥೆ. ನಾನು ಓದುತ್ತಾ ಓದುತ್ತಾ ಜೆರಾಕ್ಸಿಗೆ ಬಂದವರನ್ನು ನಿಲ್ಲಿಸಿಬಿಟ್ಟೆ.

ಹಾಸನದ ಹತ್ತಿರ ಮೊಸಳೆ ಅಂತ ಊರಿದೆಯಲ್ಲ, ಅಲ್ಲಿ ಪಕ್ಕಪಕ್ಕದಲ್ಲಿ ಒಂದೇ ಥರದ ಎರಡು ಗುಡಿ. ಅವರ ಕಥೆಯಲ್ಲಿ ಪಿಯುಸಿ ಓದುವ ಒಬ್ಬ ಹುಡುಗಿ ಒಂದು ಗುಡಿಯೊಳಗೆ ಹೋಗಿ, ಕಂಬ ಸುತ್ತಿ, ಇನ್ನೊಂದು ಗುಡಿಯಿಂದ ಆಚೆ ಬರುತ್ತಾಳೆ. ಆಚೆ ಬಂದರೆ ಅದು ಯಕ್ಷರ ಲೋಕ. ಅಲ್ಲೊಬ್ಬ ಯಕ್ಷ. ಆ ಲೋಕದವರಿಗೆ ಸುಳ್ಳು ಹೇಳೋಕೆ ಬರಲ್ಲ. ಅಲ್ಲಿಯ ಅನ್ನ ಉಂಡರೆ ಮನೆ ನೆನಪು ಹೋಗುತ್ತೆ. ಅವರು ಕಬ್ಬಿಣ ಮುಟ್ಟುವ ಹಾಗಿಲ್ಲ.

"ಅಣ್ಣಾ, ಹುಡುಗಿ ಅವನಿಗೆ ಸ್ಟೀಲ್ ಡಬ್ಬೀಲಿ ಚಿತ್ರಾನ್ನ ತಂದುಕೊಡ್ತಾಳೆ ಅಂತ ಬರ್ದಿದೀರಿ. ಸ್ಟೀಲೂ ಕಬ್ಬಿಣವೇ ಅಲ್ವಾ?" ಅಂತ ಕೇಳಿದೆ.

ಅವರು ಎದ್ದು ಹೋಗಿ ಅಂಗಡಿಯಿಂದ ಒಂದು ಡಬ್ಬಿ, ಒಂದು ಅಯಸ್ಕಾಂತದ ಚೂರು ತಂದರು. ಅಂಟಿಸಲು ಹೋದರು, ಅಂಟಲಿಲ್ಲ. "ನೋಡು, ಒಳ್ಳೆ ಮಾಲಾದ್ರೆ ಹಿಡಿಯಲ್ಲ. ನಮ್ಮುಡುಗಿ ಒಳ್ಳೆ ಅಂಗಡೀಲಿ ತಗೊಂಡವಳೆ" ಅಂದರು. ಯಕ್ಷಲೋಕದ ಕಾನೂನಿನಲ್ಲೂ ವ್ಯಾಪಾರ ಬಿಟ್ಟುಕೊಡದ ಮನುಷ್ಯ.

ಟೈಪ್ ಮಾಡಿ ಫೋನಿನ ಒಂದು ಕಥೆ ಆಪಿಗೆ ಹಾಕುವ ಉಪಾಯ ನನ್ನದು. ಹೆಂಗಸಿನ ಹೆಸರಿಡೋಣ ಅಂದವಳೂ ನಾನೇ. ಇದನ್ನು ನಾನು ಎಲ್ಲೂ ಮುಚ್ಚಿಡಬಾರದು. ಅವರು ಬೇಡ ಅಂದರು. "ಸುಳ್ಳಾಗಲ್ವೇನಮ್ಮ?" ಅಂತ ಎರಡು ಮೂರು ಸಲ ಕೇಳಿದರು. ನಾನು, "ಪಾತ್ರೆ ಅಂಗಡಿ ಯಜಮಾನ್ರು ಬರೆದ ಪ್ರೇಮದ ಕಥೆ ಅಂದ್ರೆ ಯಾವ ಹುಡುಗಿ ಓದ್ತಾಳೆ ಅಣ್ಣ, ಓದಿದ್ರೆ ಪೊಲೀಸರಿಗೆ ಹೇಳ್ತಾಳೆ" ಅಂದೆ. ನಕ್ಕುಬಿಟ್ಟರು. ಊರ ಹೊಳೆಯ ಹೆಸರೇ ಇರಲಿ ಅಂತ ಹೇಮಾವತಿ ಅಂತ ಹಾಕಿದೆವು. ಫೋಟೋ ಜಾಗಕ್ಕೆ ಒಂದು ತಾವರೆ ಹೂವು. ವಾರ ಕಳೆಯುವಷ್ಟರಲ್ಲಿ ಓದುಗ ಹುಡುಗಿಯರ ಬಾಯಲ್ಲಿ ಅದು ಹೇಮಕ್ಕ ಆಯಿತು.

ಅಬ್ಬಾ, ಆ ಹುಡುಗಿಯರು! ಹಾಸನ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲಿಂದೆಲ್ಲ ಬರೆಯುತ್ತಿದ್ದರು. ಬಸ್ಸಿನಲ್ಲಿ ನಿಂತು ಓದಿದೆ, ಇಳಿಯುವ ಸ್ಟಾಪ್ ಮರೆತೆ ಅನ್ನೋರು. ಯಕ್ಷನಂಥವನು ಸಿಗದೆ ಇದ್ದರೆ ನಾನು ಮದುವೆಯೇ ಆಗಲ್ಲ ಅನ್ನೋರು. ಮಧ್ಯಾಹ್ನ ಊಟ ಮುಗಿಸಿ ಅಣ್ಣ ಬಂದು ಸ್ಟೂಲ್ ಮೇಲೆ ಕೂತರೆ ನಾನು ಒಂದೊಂದೇ ಓದಿ ಹೇಳಬೇಕು. ಕೇಳುತ್ತಾ ಕಿವಿಯವರೆಗೂ ಕೆಂಪಾಗುತ್ತಿದ್ದರು. ಉತ್ತರ ಅವರು ಹೇಳೋರು, ನಾನು ಒತ್ತುತ್ತಿದ್ದೆ. "ಪರೀಕ್ಷೆ ಹತ್ರ ಬಂತು, ಕಥೆ ಪಕ್ಕಕ್ಕಿಡು ತಾಯಿ." "ಬಸ್ಸಲ್ಲಿ ನಿಂತ್ಕೊಂಡು ಓದ್ಬೇಡ, ಕಣ್ಣು ಹಾಳಾಗ್ತವೆ." ಇಷ್ಟು ಅಜ್ಜನ ಥರ ಮಾತಾಡುವ ಅಕ್ಕನನ್ನು ಆ ಹುಡುಗಿಯರು ಹೇಗೆ ನಂಬಿದರೋ ಶಿವನಿಗೇ ಗೊತ್ತು.

ಪ್ರೇಮದ ಘಟ್ಟ ಬಂದರೆ ಮಾತ್ರ ಅವರ ಪೆನ್ನು ನಿಂತುಹೋಗುತ್ತಿತ್ತು. "ಅವರಿಬ್ಬರೂ ಹತ್ತಿರ ಬಂದರು" ಅಂತ ಬರೆದು, ಕೆಳಗೆ ಚಿಕ್ಕದಾಗಿ, "ಇಲ್ಲಿ ನೀನೇ ಏನಾದರೂ ಹಾಕ್ಕೋಮ್ಮ" ಅಂತ ಬರೆದಿರೋರು. ನಾನು ಎರಡು ಮಕ್ಕಳ ತಾಯಿ, ನನಗೇನು ಬರುತ್ತೆ? "ದೀಪ ಆರಿತು" ಅಂತ ಹಾಕಿದೆ. ಅವತ್ತು ಬಂದಷ್ಟು ಹೃದಯದ ಗುರುತು ಯಾವತ್ತೂ ಬಂದಿರಲಿಲ್ಲ.

ಒಂದು ಸಲ ಕೇಳಿದೆ, "ಅಣ್ಣಾ, ಹುಡುಗೀರ ಮನಸ್ಸು ನಿಮಗೆ ಹೆಂಗೆ ಗೊತ್ತಾಗುತ್ತೆ?" ಅವರು ಹೇಳಿದ್ದು ನನಗೆ ಇವತ್ತಿಗೂ ಮಾತು ಮಾತೂ ನೆನಪಿದೆ.

"ಗೊತ್ತಿಲ್ಲ ಕಣಮ್ಮ. ಗೊತ್ತಿಲ್ದೇ ಇರೋದ್ಕೇ ಬರೀತೀನಿ. ನಲವತ್ತು ವರ್ಷ ಆಯ್ತು ಮದುವೆ ಪಾತ್ರೆ ಮಾರಕ್ಕೆ ಕೂತು. ಅಪ್ಪ ಮಾತಾಡ್ತಾನೆ, ಅವ್ವ ಮಾತಾಡ್ತಾಳೆ, ಸೋದರಮಾವ ಕೊಳಗ ಬಡಿದು ಬಡಿದು ನೋಡ್ತಾನೆ. ಮದುವೆ ಹೆಣ್ಣು ಮಾತ್ರ ಒಂದು ಮಾತೂ ಆಡಲ್ಲ. ಒಂದೇ ಒಂದು ಹೆಣ್ಣೂ ನನ್ನಂಗ್ಡೀಲಿ ಇದು ಬೇಕು, ಇದು ಬ್ಯಾಡ ಅಂತ ಅಂದಿಲ್ಲ. ಅವು ಮಾತಾಡಿದ್ರೆ ಏನಂದಾವು ಅಂತ ಯೋಚ್ನೆ ಮಾಡ್ತಾ ಮಾಡ್ತಾ ಹೆಸರು ಬರ್ದು ಕೊಡ್ತೀನಿ."

ಅದಕ್ಕೇ ಇರಬೇಕು ಅವರ ಕಥೆಯ ಹುಡುಗಿ ಅಷ್ಟು ಮಾತಾಡುತ್ತಿದ್ದಳು. ಯಕ್ಷನ ಅಜ್ಜಿಯನ್ನೂ ಬಿಡುತ್ತಿರಲಿಲ್ಲ, ಎದುರುತ್ತರ ಕೊಟ್ಟೇ ಬರುತ್ತಿದ್ದಳು.

ಹೋದ ವರ್ಷ ಮಾಘ ಮಾಸದಲ್ಲಿ, ಅರಕಲಗೂಡಿನ ಕಡೆಯ ಒಬ್ಬ ಹುಡುಗಿ ಬರೆಯೋಕೆ ಶುರುಮಾಡಿದಳು. ಅವಳ ಹೆಸರೂ ಬೇಡ. ಬಿಎಸ್ಸಿ ಎರಡನೇ ವರ್ಷ, ಹಾಸನಕ್ಕೆ ಬಸ್ಸಿನಲ್ಲಿ ಹೋಗಿ ಬರುವವಳು. ಮೊದಮೊದಲು ಕಥೆಯ ಮಾತೇ. ಆಮೇಲೆ ಒಂದು ದಿನ ಹೀಗೆ ಬಂತು: "ಅಕ್ಕ, ನಮ್ಮನೇಲಿ ಗಂಡು ನೋಡಿದ್ದಾರೆ. ಚನ್ನರಾಯಪಟ್ಟಣದ ಕಡೆ. ಅವರು ಒಳ್ಳೆಯವರೇ ಅಂತೆ, ಆದರೆ ಓದು ಬಿಡಿಸಿ ಈಗಲೇ ಮದುವೆ ಅಂತಿದ್ದಾರೆ. ನನಗೆ ಇನ್ನೊಂದೇ ವರ್ಷ ಇದೆ. ಆಮೇಲೆ ಬಿಎಡ್ ಮಾಡಿ ಟೀಚರ್ ಆಗಬೇಕು ಅಂತ ಆಸೆ."

ನಾನು ಓದಿ ಹೇಳಿದೆ. ಅಣ್ಣ, "ನಿಮ್ಮಮ್ಮನ ಹತ್ರ ಬಾಯ್ಬಿಟ್ಟು ಹೇಳು ತಾಯಿ" ಅಂತ ಬರೆಸಿದರು. ಅವಳು ಹೇಳಿದಳು. ಪ್ರಯೋಜನ ಆಗಲಿಲ್ಲ. ಕಾಲೇಜು ಬಿಡಿಸಿದರು. ಮುಂದಿನ ವಾರ ಅವಳು ಹೀಗೆ ಬರೆದಳು: "ಅಕ್ಕ, ನಮ್ಮಮ್ಮನೂ ನಿಮ್ಮ ಕಥೆ ಓದ್ತಾರೆ. ಅಡುಗೆ ಮನೇಲಿ ನಾನೇ ಜೋರಾಗಿ ಓದಿ ಹೇಳ್ತಿದ್ದೆ, ಈಗ ಅವರೇ ಓದ್ಕೋತಾರೆ. ನಿಮ್ಮನ್ನ ಕಂಡ್ರೆ ದೇವರು ಕಂಡಷ್ಟು. ಅಪ್ಪ ಅಮ್ಮನ ಮಾತು ಕೇಳ್ತಾರೆ, ಅಮ್ಮ ನಿಮ್ಮ ಮಾತು ಕೇಳ್ತಾರೆ. ಒಂದೇ ಒಂದು ಸಲ ಫೋನ್ ಮಾಡಿ, ಇನ್ನೊಂದು ವರ್ಷ ಓದಿಸಿ ಅಂತ ಹೇಳಿ ಅಕ್ಕ. ನಂಬರ್ ಕಳಿಸಿದ್ದೀನಿ."

ಅಣ್ಣ ಸ್ಟೂಲಿನಿಂದ ಎದ್ದರು, ಕೂತರು, ಮತ್ತೆ ಎದ್ದರು. "ಏನ್ ಮಾಡದಮ್ಮ? ನಾನು ಮಾಡಿದ್ರೆ ಈ ದನಿ..." ಅಂದರು. ಅವರದು ಗುಡುಗಿನಂಥ ದನಿ, ಬೀದಿಯ ಆ ತುದಿಗೆ ಕೇಳುತ್ತಿತ್ತು. ಆಮೇಲೆ ನನ್ನ ಕಡೆ ನೋಡಿದರು. ಏನು ಕೇಳುತ್ತಾರೆ ಅಂತ ನನಗೆ ಮೊದಲೇ ಗೊತ್ತಾಗಿತ್ತು.

"ನೀನು ಮಾಡು ತಾಯಿ. ಒಂದೇ ಮಾತು. ಓದ್ಸಿ ಅನ್ನು, ಇಟ್ಬುಡು."

ಎರಡು ದಿನ ಮುಂದೂಡಿದೆ. ಮೂರನೇ ದಿನ ಅವರೇ ಅಂಗಡಿ ಬಾಗಿಲು ಅರ್ಧ ಎಳೆದು ಬಂದು ಎದುರಿಗೆ ಕೂತರು. ನಾನು ಸ್ಪೀಕರ್ ಹಾಕಿ ಫೋನ್ ಮಾಡಿದೆ. "ನಾನು ಹೇಮಾವತಿ" ಅಂದೆನೋ ಇಲ್ಲವೋ, ಆ ಕಡೆ ಹೆಂಗಸು ಖುಷಿಯಲ್ಲಿ ಕೂಗಿಯೇಬಿಟ್ಟಳು.

"ಅಯ್ಯೋ ಹೇಮಕ್ಕಾ! ನಿಮ್ ದನಿ ಕೇಳ್ತೀನಿ ಅಂತ ಅನ್ಕಂಡೇ ಇರ್ನಿಲ್ಲ ಕಣಕ್ಕ! ಕೈ ನಡುಗ್ತಾ ಅದೆ ನೋಡಿ!"

ನಾನು ಮೆಲ್ಲಗೆ, "ಮಗಳಿಗೆ ಮದುವೆ ಅಂತಲ್ಲಮ್ಮ" ಅಂತ ಶುರುಮಾಡಿದೆ.

"ಊಂ ಕಣಕ್ಕ, ಎಲ್ಲಾ ನಿಮ್ಮಿಂದ್ಲೇ!"

ಎದುರಿಗೆ ಕೂತಿದ್ದ ಅಣ್ಣ ತಲೆ ಎತ್ತಿದರು.

"ನಿಮ್ ಕತೆ ಓದಿದ್ ಮ್ಯಾಲೇ ನಂಗೆ ಬುದ್ಧಿ ಬಂದದ್ದು. ಆ ಮೊಸಳೆ ಗುಡಿ ಒಳಕ್ಕೆ ಹೋದ್ಲಲ್ಲ ಹುಡುಗಿ, ಅವರವ್ವ ವಯಸ್ಸಿಗೆ ಬಂದ್ ಮಗಳ್ನ ಒಬ್ಳೇ ಬಸ್ಸತ್ತಿಸಿ ಕಳಿಸ್ಬುಟ್ಟಿದ್ದಕ್ಕೆ ತಾನೆ ಅಂಗಾದದ್ದು? ಬೇಗ ಒಂದ್ ಕಡೆ ದಾರೆ ಎರೆದು ಕೊಟ್ಬುಟ್ಟಿದ್ರೆ ಆ ಯಕ್ಷನ ಕಣ್ಣಿಗೆ ಯಾಕ್ ಬೀಳ್ತಿದ್ಲು? ಆ ತಾಯಿ ಕೆರೆ ಏರಿ ಮ್ಯಾಲೆ ನಿಂತು ಮಗಳ ಹೆಸರಿಡ್ದು ಕೂಗದು ಓದಿ ನಾನು ಎರಡ್ ದಿನ ಅನ್ನ ಉಣ್ಣನಿಲ್ಲ. ಅವತ್ತೇ ನಮ್ಮೋರಿಗೆ ಯೋಳ್ದೆ, ಗಂಡು ನೋಡಿ ಅಂತ. ನೀವೇ ಯೋಳಿ ಅಕ್ಕ, ನಾ ಮಾಡಿದ್ದು ಸರಿ ಅಲ್ವಾ?"

ಇಲ್ಲಿ ನಾನು ಒಂದು ಮಾತು ಆಡಬೇಕಿತ್ತು. ಸರಿ ಅಲ್ಲಮ್ಮ, ಓದಿಸಿ. ಇಷ್ಟೇ. ಅಣ್ಣ ಎದುರಿಗೆ ಕೂತು ಬಾಯಿ ಆಡಿಸಿ ತೋರಿಸುತ್ತಿದ್ದರು, ಓದ್ಸಿ, ಓದ್ಸಿ ಅಂತ. ಆದರೆ ಮಗಳ ಮದುವೆ ಸುದ್ದಿಯನ್ನು ಅಷ್ಟು ಸಂಭ್ರಮದಿಂದ ಹೇಳುವ ತಾಯಿಗೆ ಎದುರು ಮಾತಾಡಿ ನನಗೆ ಅಭ್ಯಾಸ ಇಲ್ಲ. ನಮ್ಮ ಕಡೆ ಯಾವ ಹೆಂಗಸಿಗೂ ಇಲ್ಲ. ಶುಭಕಾರ್ಯದ ಮಾತಿಗೆ ಅಡ್ಡ ಮಾತಾಡಬಾರದು ಅಂತ ಹಾಲು ಕುಡಿಯುವಾಗಿನಿಂದ ಕಲಿತದ್ದು. ನನ್ನ ಬಾಯಿ ತಾನಾಗಿಯೇ, "ತಾಯಿಗಿಂತ ಹೆಚ್ಚು ಯಾರಿಗೆ ಗೊತ್ತಿರುತ್ತಮ್ಮ, ಒಳ್ಳೇದಾಗಲಿ" ಅಂದುಬಿಟ್ಟಿತು. ಹಾಳು ಬಾಯಿ! ಫೋನ್ ಇಟ್ಟ ಮೇಲೆ ಅಣ್ಣನ ಮುಖ ನೋಡುವ ಧೈರ್ಯ ಬರಲಿಲ್ಲ.

ಅವರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಕಥೇಲಿ ಆ ತಾಯಿ ಕೂಗಿದ್ದನ್ನ ಅಷ್ಟು ಚೆನ್ನಾಗಿ ಬರೀಬಾರ್ದಾಗಿತ್ತು" ಅಂತ ಮಾತ್ರ ಅಂದರು, ಎದ್ದು ಹೋದರು.

ಆ ವಾರ ಅವರ ಮಿಷನ್ನಿನ ಸದ್ದು ಕಡಿಮೆ ಇತ್ತು. ಕೂತು ಬರೆಯುತ್ತಿದ್ದರು. ನಾನು ಇನ್ನೊಂದು ಸಲ ಫೋನ್ ಮಾಡುತ್ತೀನಿ ಅಂದೆ, "ಬ್ಯಾಡ, ಆಯಮ್ಮ ಕಥೆ ಕೇಳ್ತಾಳೆ, ಮಾತು ಕೇಳಲ್ಲ. ಕಥೇಲೇ ಹೇಳ್ತೀನಿ" ಅಂದರು. ಹೊಸ ಕಂತು ತಂದರು. ಅದರಲ್ಲಿ ಹುಡುಗಿಯ ತಾಯಿ ಮೊಸಳೆ ಗುಡಿಗೆ ಹೋಗಿ ಯಕ್ಷರ ಎದುರಿಗೆ ನಿಂತು ಮಗಳನ್ನು ಕೊಡಿ ಅಂತ ಕೇಳುತ್ತಾಳೆ. ಸುಳ್ಳು ಹೇಳಲಾರದ ಯಕ್ಷರ ಅಜ್ಜಿ ಹೇಳುತ್ತಾಳೆ, ನಾವು ನಿನ್ನ ಮಗಳನ್ನು ಕದ್ದಿಲ್ಲ ತಾಯಿ, ನಿನಗೇನು ಬೇಕು ಅಂತ ಅವಳನ್ನು ನಾವು ಕೇಳಿದೆವು, ಹಾಗೆ ಕೇಳಿದವರು ನಾವೇ ಮೊದಲಂತೆ, ಅದಕ್ಕೇ ಉಳಿದುಕೊಂಡಳು. ಟೈಪ್ ಮಾಡುತ್ತಾ ನಾನು ಅತ್ತೆ. ಸಾವಿರಾರು ಹುಡುಗಿಯರು ಓದುವ ಕಥೆಯನ್ನು ಆ ಮನುಷ್ಯ ಒಬ್ಬಳೇ ಒಬ್ಬ ಹೆಂಗಸಿಗೋಸ್ಕರ ಬರೆದಿದ್ದರು.

ಹುಡುಗಿಯರು ಸಿಟ್ಟಾದರು. "ಯಕ್ಷ ಎಲ್ಲಿ ಹೇಮಕ್ಕಾ? ಬರೀ ಅಮ್ಮನ ಗೋಳೇ ಆಯ್ತು" ಅಂತ ಬರೆದರು. ನಾವು ಕಾಯುತ್ತಿದ್ದುದು ಆ ತಾಯಿಗೆ. ಸಂಜೆ ಬಂತು ಅವಳದು, ಕೈಮುಗಿದ ಗುರುತು ನಾಲ್ಕು ಹಾಕಿ: "ಓದಿ ಕಣ್ಣಲ್ಲಿ ನೀರು ಬಂತು ಅಕ್ಕ. ತಾಯಿ ಕಷ್ಟ ತಾಯಿಗೇ ಗೊತ್ತು. ಮಗಳ ಲಗ್ನ ಮುಂದಿನ ತಿಂಗಳು, ನೀವು ಬರಲೇಬೇಕು."

ಮಗಳಿಂದ ಮಾತ್ರ ಫೋನ್ ಮಾಡಿದ ದಿನದಿಂದ ಒಂದಕ್ಷರವೂ ಇಲ್ಲ. ಅಣ್ಣ ದಿನಾ ಬಂದು ಮೊದಲು ಅದನ್ನೇ ಕೇಳುತ್ತಿದ್ದರು, "ಆ ಹುಡುಗಿ ಬರೆದ್ಲಾ?" ಇಲ್ಲ ಅಂದರೆ ಕೂರದೇ ಹೋಗುತ್ತಿದ್ದರು.

ಅದಾಗಿ ಹತ್ತು ಹದಿನೈದು ದಿನ ಇರಬೇಕು. ಬೆಳಿಗ್ಗೆ ಹನ್ನೊಂದರ ಕಾಫಿಗೆ ನಾನು ಅವರ ಅಂಗಡಿಯಲ್ಲಿ ಕೂತಿದ್ದೆ. ಒಂದು ಆಟೋ ನಿಂತು, ಅಪ್ಪ, ಅಮ್ಮ, ಮಗಳು ಇಳಿದರು. ಆ ಹೆಂಗಸು, "ಯಜಮಾನ್ರೇ, ಮದ್ವೆ ಪಾತ್ರೆ ತೋರ್ಸಿ" ಅಂದಳು ನೋಡಿ, ನಾನು ಕಾಫಿ ಲೋಟ ಕೆಳಗಿಟ್ಟುಬಿಟ್ಟೆ. ಅದೇ ದನಿ. ಅಣ್ಣನಿಗೂ ಗೊತ್ತಾಯಿತು, ಕೊಡಪಾನ ಎತ್ತಲು ಹೋದ ಕೈ ಅಲ್ಲೇ ನಿಂತಿತು.

ನಾನು ಬಾಯಿ ಬಿಡುವ ಹಾಗಿಲ್ಲ. ಒಂದು ಮಾತಾಡಿದರೆ ಹೇಮಕ್ಕನ ದನಿ ಅಂತ ಅವಳು ಗುರುತು ಹಿಡಿಯುತ್ತಾಳೆ. ಮೂಲೆಯಲ್ಲಿ ತುಟಿ ಹೊಲಿದುಕೊಂಡು ಕೂತೆ. ಹುಡುಗಿ ಬಾಗಿಲ ಹತ್ತಿರ ನಿಂತಿದ್ದಳು. ತೆಳ್ಳಗೆ, ಎಣ್ಣೆ ಹಾಕಿ ಬಿಗಿಯಾಗಿ ಹೆಣೆದ ಜಡೆ, ಕೈಯಲ್ಲಿ ಫೋನೂ ಇರಲಿಲ್ಲ. ಅಪ್ಪ ಕೊಳಗ ಬಡಿದು ನೋಡಿದ. ಅಮ್ಮ ಪರಾತ, ಹಂಡೆ, ಇಡ್ಲಿ ಪಾತ್ರೆ, ದೀಪದ ಕಂಬ, ಒಂದೊಂದನ್ನೂ ಬಿಸಿಲಿಗೆ ಹಿಡಿದು ಆರಿಸಿದಳು. ಒಳ್ಳೆಯ ಹೆಂಗಸು, ಮಗಳಿಗೆ ಯಾವುದೂ ಕಡಿಮೆಯಾಗಬಾರದು ಅಂತ ಅವಳ ಹಟ. ಅವಳನ್ನು ದ್ವೇಷ ಮಾಡೋಕೂ ನನ್ನಿಂದ ಆಗಲಿಲ್ಲ.

ಅಣ್ಣ ಒಂದು ಕೆಲಸ ಮಾಡಿದರು, ನಲವತ್ತು ವರ್ಷದಲ್ಲಿ ಮಾಡದ್ದು. ಅಮ್ಮನನ್ನು ಬಿಟ್ಟು ಹುಡುಗಿಯ ಎದುರಿಗೇ ಹೋಗಿ ನಿಂತು, "ನಿಂಗೇನು ಬೇಕವ್ವಾ?" ಅಂತ ಕೇಳಿದರು.

ಹುಡುಗಿ ತಲೆ ಎತ್ತಿ ನೋಡಿದಳು. ಆ ಮಾತು ಅವಳಿಗೆ ಎಲ್ಲೋ ಓದಿದ ಹಾಗೆ ಅನ್ನಿಸಿತೋ ಏನೋ, ಕಣ್ಣು ಒಂದು ಕ್ಷಣ ಅಗಲವಾಯಿತು. ಅಷ್ಟರಲ್ಲಿ ಅಮ್ಮ, "ಅದಕ್ಕೇನ್ ಗೊತ್ತಾಯ್ತದೆ ಯಜಮಾನ್ರೇ, ನಾನೇ ಆರಿಸ್ತೀನಿ" ಅಂತ ನಕ್ಕಳು. ಹುಡುಗಿ ಮತ್ತೆ ನೆಲ ನೋಡಿದಳು.

ಹೆಸರು ಬರೆಯೋಕೆ ಕೂತರು. ಗಂಡಿನ ಹೆಸರು, ಹೆಣ್ಣಿನ ಹೆಸರು, ಎರಡೂ ಎಲ್ಲ ಪಾತ್ರೆಗೂ. ಮಿಷನ್ನು ಗೊರ್ ಅಂದಿತು. ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಗಂಡಿನ ಹೆಸರು ಎಂದಿನಂತೆ ಗುಂಡಗೆ ಬಂತು. ಹುಡುಗಿಯ ಹೆಸರಿಗೆ ಬಂದಾಗ ಕೈ ಜಾರಿತು. ಕೊಡಪಾನದ ಮೇಲೆ ಒಂದು ಉದ್ದ ಗೀರು. "ಬೇರೆ ಕೊಡ್ತೀನಿ" ಅಂತ ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದರು. ಅದನ್ನು ಸರಿಯಾಗಿ ಬರೆದರು. ಆಮೇಲೆ ಉಳಿದಿದ್ದನ್ನೆಲ್ಲ ಬರೆದರು. ಅವತ್ತು ಆ ಸದ್ದಿಗೆ ನನ್ನ ಹಲ್ಲು ಜುಮ್ಮೆನ್ನಲಿಲ್ಲ, ಎದೆಯಲ್ಲೇ ಕೊರೆದ ಹಾಗಾಯಿತು.

ಎಲ್ಲ ಆಟೋಗೆ ತುಂಬಿಸಿದ ಮೇಲೆ ಅಮ್ಮ ಮಗಳನ್ನು ಕರೆದಳು. "ಬಾರವ್ವ, ದೊಡ್ಡೋರು, ಯಜಮಾನ್ರ ಕಾಲಿಗೆ ಬೀಳು. ಮದುವೆ ಹೆಣ್ಣು ಕಣ್ರೀ, ಒಳ್ಳೇ ಮಾತು ಹೇಳಿ ಕಳಿಸಿ."

ಹುಡುಗಿ ಬಗ್ಗಿ ಕಾಲು ಮುಟ್ಟಿದಳು. ನೂರಾರು ಮದುವೆ ಹೆಣ್ಣುಗಳಿಗೆ ಅವರು ಹೇಳುತ್ತಿದ್ದ ಮಾತು ನನಗೆ ಗೊತ್ತು, ನೂರು ವರ್ಷ ಸುಖವಾಗಿ ಬಾಳಿ ಅಂತ. ಅದು ಬಾಯಿಗೆ ಬರಲಿಲ್ಲ. ಕೈ ಅವಳ ತಲೆಯ ಮೇಲಿತ್ತು. ಆಮೇಲೆ ಆ ಗುಡುಗು ದನಿ ಸಣ್ಣಗಾಗಿ, "ಓದವ್ವಾ. ಓದೋದು ಬುಡಬ್ಯಾಡ" ಅಂದಿತು.

ಅಮ್ಮ ಗೊಳ್ಳನೆ ನಕ್ಕಳು. "ಇನ್ನೆಲ್ಲಿ ಓದು ಯಜಮಾನ್ರೇ! ಇನ್ ಸಂಸಾರ ಓದೋದೇ ಸೈ!" ಆಟೋ ಹೋಯಿತು. ಹುಡುಗಿ ಆಟೋದ ಹಿಂದಿನ ಕಿಂಡಿಯಿಂದ ತಿರುಗಿ ನೋಡುತ್ತಿದ್ದಳು, ಬೀದಿ ತಿರುಗುವವರೆಗೂ.

"ಹೇಳ್ಬಿಡಬೇಕಾಗಿತ್ತು ಅಣ್ಣ" ಅಂದೆ, ಕೊನೆಗೂ ಬಾಯಿ ಬಿಟ್ಟು.

"ಏನಂತ ಹೇಳ್ಲಿ? ನಿಮ್ಮಕ್ಕ ನಾನೇ ಅಂತ ಈ ಮೀಸೆ ಇಟ್ಕೊಂಡು ಹೇಳ್ಲಾ? ಆ ಮನೇಲಿ ಅವಳಿಗಿದ್ದದ್ದೇ ಒಬ್ಳು ಅಕ್ಕ" ಅಂದರು. ಆ ಗೀರು ಬಿದ್ದ ಕೊಡಪಾನವನ್ನು ಒರೆಸುತ್ತಾ ಕೂತರು.

ಅವತ್ತು ಸಂಜೆ ಐದೂವರೆಗೆ ಅವಳ ಮೆಸೇಜು ಬಂತು. ನಾನು ಓಡಿಹೋಗಿ ಅವರನ್ನು ಕರೆದು ತಂದೆ. ನನ್ನ ದನಿಯಲ್ಲೇ ಓದಿದೆ, ಯಾವಾಗಲೂ ಓದುವ ಹಾಗೆ. ಮೊದಲ ಸಾಲಿಗೇ ಯಾಕೆ ಶುರುಮಾಡಿದೆನೋ ಅನ್ನಿಸಿತು.

"ಹೇಮಕ್ಕ, ನೀವು ಅಮ್ಮಂಗೆ ಫೋನ್ ಮಾಡಿದ್ದು ಗೊತ್ತಾಯ್ತು. ತಾಯಿಗಿಂತ ಹೆಚ್ಚು ಯಾರಿಗೂ ಗೊತ್ತಿಲ್ಲ, ಒಳ್ಳೇದಾಗಲಿ ಅಂದ್ರಂತೆ. ಅಮ್ಮ ಎಲ್ಲರಿಗೂ ಹೇಳ್ಕೊಂಡು ಬಂದ್ರು, ಹೇಮಕ್ಕನೇ ಒಪ್ಪಿದ್ರು ಅಂತ. ಆಮೇಲೆ ನಾನು ಯಾರ ಹತ್ರಾನೂ ಏನೂ ಹೇಳಲಿಲ್ಲ. ಇವತ್ತು ನರಸೀಪುರದಲ್ಲಿ ಪಾತ್ರೆ ತಗೊಂಡ್ವಿ. ಅಲ್ಲಿ ಯಾರೋ ಒಬ್ಬರು ತಾತ, ಮುಖ ಪರಿಚಯನೂ ಇಲ್ಲ, ನನ್ನ ತಲೆ ಮೇಲೆ ಕೈಯಿಟ್ಟು ಓದವ್ವಾ ಅಂದ್ರು. ಅವರಿಗೆ ಬಂದ ಅಷ್ಟು ಒಂದು ಮಾತು ನಿಮಗೆ ಬರಲಿಲ್ಲವಲ್ಲ ಅಕ್ಕ."

ನಾನು ಅಳುತ್ತಾ, "ಈಗ್ಲೇ ಬರೀತೀನಿ ಅಣ್ಣ, ಆ ತಾತನೇ ಹೇಮಕ್ಕ, ಫೋನ್ ಮಾಡಿದ ದರಿದ್ರದವಳು ನಾನು ಅಂತ" ಅಂದೆ. ಬೆರಳು ಕೀಲಿಗಳ ಮೇಲೆ ಹೋಗಿತ್ತು.

ಅವರು ನನ್ನ ಕೈ ಹಿಡಿದರು. ಹದಿನಾಲ್ಕು ವರ್ಷದಲ್ಲಿ ಅದೊಂದೇ ಸಲ. "ಬ್ಯಾಡ ಕಣಮ್ಮ. ಅಕ್ಕನ ಮೇಲೆ ನಂಬಿಕೆ ಹೋಯ್ತು, ಹೋಗ್ಲಿ. ಯಾರೋ ತಾತ ಒಳ್ಳೇ ಮಾತು ಹೇಳ್ದ ಅಂತ ಒಂದು ಉಳ್ಕೊಂಡದೆ ಅವಳತ್ರ. ಆ ತಾತನೇ ಇಷ್ಟು ದಿನ ಅಕ್ಕನ ವೇಷ ಹಾಕಿದ್ದ ಅಂದ್ರೆ ಅದೂ ಮೋಸ ಆಗೋಯ್ತದೆ. ಅದನ್ನಾದ್ರೂ ಅವಳ್ಗೆ ಬಿಡು."

ಆಮೇಲೆ ತೀರಿಹೋಗುವವರೆಗೂ ಅವರು ಒಂದು ಸಾಲೂ ಬರೆಯಲಿಲ್ಲ. ನಾನು ಕೇಳಲೂ ಇಲ್ಲ. ಅವಳಿಗೆ ಉತ್ತರ ಬರೆಯದೇ ಎರಡು ದಿನ ಬಿಟ್ಟು ನೋಡಿದರೆ ಆ ಹುಡುಗಿ ಆಪಿನಿಂದ ತನ್ನ ಹೆಸರನ್ನೇ ತೆಗೆದುಹಾಕಿದ್ದಳು.